ಗವಿ ಮೇಸ್ತ್ರಿಯ ಅಂಗೈ

ನಮ್ಮಪ್ಪನನ್ನು ದೊಡ್ಡ ಭಕ್ತ ಎಂದು ಯಾರಾದರೂ ಹೊಗಳಿದರೆ ನಾನು ಒಳಗೊಳಗೇ ನಗುತ್ತಿದ್ದೆ. ಅಮ್ಮ ಸಂಜೆ ಜಪಸರ ಹಿಡಿದು ಕೂತರೆ ಐದನೆಯ ಮಣಿ ದಾಟುವುದರೊಳಗೆ ಅಪ್ಪನ ಗೊರಕೆ ಶುರುವಾಗುತ್ತಿತ್ತು. ಭಾನುವಾರದ ಪೂಜೆಯಲ್ಲಿ ಅವನ ಕಣ್ಣು ಪೀಠದ ಮೇಲಿರುತ್ತಿರಲಿಲ್ಲ, ಗೋಡೆಯ ಗಾರೆಯ ಮೇಲಿರುತ್ತಿತ್ತು. ಯಾವ ಮೂಲೆ ಸೊಟ್ಟಗಿದೆ, ಯಾವ ಕಮಾನಿನ ಕಲ್ಲು ಜಾರಿದೆ ಎಂಬ ವರದಿ ಮಧ್ಯಾಹ್ನ ಊಟದ ಜೊತೆಗೆ ಬರುತ್ತಿತ್ತು. ಇಂಥ ಮನುಷ್ಯ ವರ್ಷಕ್ಕೊಮ್ಮೆ, ಚಳಿ ಮೂಳೆಗಿಳಿಯುವ ವಾರವನ್ನೇ ಹುಡುಕಿ, ಎರಡು ಬಸ್ಸು ಬದಲಿಸಿ ಎತ್ತರದ ಬೆಟ್ಟದ ಒಂದು ಹಳ್ಳಿ ಚರ್ಚಿಗೆ ಹೋಗುತ್ತಿದ್ದ. ತಲೆ ಮೇಲೆ ತಲೆ ಬಿದ್ದರೂ ಹೋಗುತ್ತಿದ್ದ. ನನಗೆ ಮಗಳು ಹುಟ್ಟಿದ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಎಲ್ಲರೂ ಇದ್ದರು, ಅಪ್ಪ ಇರಲಿಲ್ಲ. ಮಾರನೆಯ ದಿನ ಉಗುರಿನ ಸಂದಿಯಲ್ಲಿ ಬಿಳಿ ಪ್ಲಾಸ್ಟರು ಮೆತ್ತಿಕೊಂಡು ಬಂದು ಮೊಮ್ಮಗಳನ್ನು ಎತ್ತಿಕೊಂಡ. ಆ ಸಿಟ್ಟನ್ನು ನಾನು ಹನ್ನೊಂದು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದೆ.

ಅವನದು ಗಾರೆ ಕೆಲಸ. ಹದಿನಾಲ್ಕನೆಯ ವಯಸ್ಸಿಗೆ ಕರಣೆ ಹಿಡಿದವನು ಅರವತ್ತೈದರವರೆಗೆ ಕೆಳಗಿಡಲಿಲ್ಲ. ನಾನು ಹೊಲಿಗೆಯವಳು, ಅಪ್ಪನ ಒರಟು ಅಂಗೈ ತಗುಲಿದರೆ ರೇಷ್ಮೆ ಎಳೆ ಬಿಡುತ್ತದೆ ಎಂದು ಅಂಗಡಿಯಲ್ಲಿ ಬಟ್ಟೆ ಮುಟ್ಟಲು ಬಿಡುತ್ತಿರಲಿಲ್ಲ. ಅವನು ಕಟ್ಟಿದ ಮನೆಗಳಿಗೆ ಲೆಕ್ಕವಿಲ್ಲ. ಆದರೆ ಮನೆ ಯಾವತ್ತೂ ಕಟ್ಟಿಸಿದವನ ಹೆಸರಿನದು, ಕಟ್ಟಿದವನದಲ್ಲ. ಅಪ್ಪನಿಗೆ ಹೆಸರು ತಂದುಕೊಟ್ಟದ್ದು ಒಂದೇ ಕೆಲಸ, ಆ ಹಳ್ಳಿ ಚರ್ಚಿನ ಅಂಗಳದಲ್ಲಿ ಮಾತೆಯ ಮೂರ್ತಿಗೆಂದು ಕಟ್ಟಿದ ಗವಿ. ಅದು ನಿಜವಾದ ಗವಿಯಲ್ಲ. ಮೂರು ಕಡೆ ಕಾಡುಗಲ್ಲಿನ ಗೋಡೆ, ಮೇಲೆ ಕಬ್ಬಿಣದ ಸರಳು ಹಾಕಿದ ಕಾಂಕ್ರೀಟಿನ ಸೂರು, ಸೂರಿನ ಅಡಿಗೆ ಬಂಡೆಯಂತೆ ಕಾಣಲೆಂದು ಕೂರಿಸಿದ ಒರಟು ಕಲ್ಲುಗಳು. ಸೂರು ಗೋಡೆಯಿಂದ ಒಂದೂವರೆ ಮಾರು ಮುಂದಕ್ಕೆ ಚಾಚಿಕೊಂಡಿತ್ತು, ಅದರ ಕೆಳಗೆ ಇಪ್ಪತ್ತು ಜನ ಮೊಣಕಾಲೂರಬಹುದಿತ್ತು. ಮೂವತ್ತನಾಲ್ಕು ವರ್ಷದ ಹಿಂದೆ ಅದನ್ನು ಮುಗಿಸಿದಂದಿನಿಂದ ಅಪ್ಪ ಎಲ್ಲರ ಬಾಯಲ್ಲೂ ಗವಿ ಮೇಸ್ತ್ರಿ.

ಅಮ್ಮ ಇದ್ದಾಗ ಅವಳೇ ಜೊತೆಗೆ ಹೋಗುತ್ತಿದ್ದಳು. ಅಲ್ಲಿ ನಡೆಯುವುದನ್ನು ಅವಳೇ ನನಗೆ ಹೇಳಿದ್ದು. ಅವಳು ಮಾತೆಯ ಮುಂದೆ ಮೊಣಕಾಲೂರಿ ಕಣ್ಣು ಮುಚ್ಚುತ್ತಿದ್ದಳಂತೆ. ಅಪ್ಪ ಮೊಣಕಾಲೂರುತ್ತಿರಲಿಲ್ಲ. ಅವಳ ಹಿಂದೆ ನಿಂತು, ಬಲಗೈ ಎತ್ತಿ ಸೂರಿಗೆ ಅಂಗೈ ಒತ್ತಿ, ಅವಳು ಏಳುವವರೆಗೆ ಹಾಗೆಯೇ ಇರುತ್ತಿದ್ದನಂತೆ. ಆಮೇಲೆ ಚೀಲದಿಂದ ಚಿಟಿಕೆ ಪ್ಲಾಸ್ಟರು ತೆಗೆದು, ನೀರಲ್ಲಿ ಕಲಸಿ, ಸೂರಿನ ಅಂಚಿನ ಹತ್ತಿರ ಬೆರಳಗಲದ ಬಿಳಿ ಪಟ್ಟಿಯೊಂದನ್ನು ಎಳೆದು ಮೇಲೆ ಪೆನ್ಸಿಲಿನಲ್ಲಿ ತಾರೀಖು ಬರೆಯುತ್ತಿದ್ದನಂತೆ. ನಿಮ್ಮಪ್ಪನ ಹರಕೆ ಅದು, ಕೇಳಬೇಡ, ಹರಕೆ ಬಾಯಿಬಿಟ್ಟು ಹೇಳುವುದಲ್ಲ ಎಂದು ಅಮ್ಮ ನನ್ನ ಬಾಯಿಗೆ ಬೀಗ ಹಾಕಿದ್ದಳು. ಅವಳು ಹೋಗಿ ಮೂರು ವರ್ಷವಾಯಿತು. ಅಪ್ಪನ ಸೊಂಟ ಬಸ್ಸು ಹತ್ತಿಳಿಯಲು ಒಪ್ಪದ್ದರಿಂದ ಈ ಮೂರು ವರ್ಷ ನಾನೇ ಕಾರಿನಲ್ಲಿ ಕರೆದುಕೊಂಡು ಹೋಗುತ್ತಿದ್ದೆ, ಗೊಣಗುತ್ತಾ.

ಈ ಸಲ ನಾವು ತಲುಪಿದಾಗ ಎಂಟೂವರೆ. ಹೊಲಗಳ ಮೇಲೆ ಬಿದ್ದ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಾಗಿತ್ತು, ಬೂಟಿನ ಅಡಿಯಲ್ಲಿ ಚರಚರ ಎನ್ನುತ್ತಿತ್ತು. ಚರ್ಚು ಚಿಕ್ಕದು, ಮುಂದೆ ಒಂಬತ್ತು ಎತ್ತರದ ಮೆಟ್ಟಿಲು, ಒಳಗೆ ಎರಡು ಸಾಲು ಬೆಂಚು, ಕಿಟಕಿಯ ಒಂದು ಗಾಜು ಒಡೆದಲ್ಲಿಗೆ ರಟ್ಟು. ಹಳೆಯ ಮೇಣ ಮತ್ತು ಒದ್ದೆ ಉಣ್ಣೆಯ ವಾಸನೆ. ನಾನು ತೀರ್ಥದ ಬಟ್ಟಲಿಗೆ ಬೆರಳಿಟ್ಟರೆ ಮೇಲೆ ತೆಳ್ಳಗೆ ಮಂಜುಗಡ್ಡೆ ಕಟ್ಟಿತ್ತು. ಅಪ್ಪ ಒಳಗೆ ಬರಲೇ ಇಲ್ಲ, ಸೀದಾ ಗವಿಯ ಕಡೆಗೆ ನಡೆದ.

ಗವಿಯ ಪಕ್ಕದಲ್ಲಿ ಮೇಣದಬತ್ತಿ ಮಾರುವ ಅಜ್ಜಿ ಆಗಲೇ ಬಂದು ಕೂತಿದ್ದಳು. ಎಲ್ಲರೂ ಬತ್ತಿ ಅಜ್ಜಿ ಎನ್ನುತ್ತಾರೆ. ಎಪ್ಪತ್ತೈದು ದಾಟಿದ್ದರೂ ದಿನಕ್ಕೆರಡು ಸಲ ಆ ಸೂರಿನ ಕೆಳಗೆ ಮೊಣಕಾಲೂರುವವಳು. ಅಪ್ಪನನ್ನು ಕಂಡರೆ ಅವಳಿಗೆ ಸಂಭ್ರಮ, ಮನೆಗೆ ಅಳಿಯ ಬಂದಂತೆ. ಆ ದಿನ ಹೊಸ ಫಾದರ್ ರೋಗಿಗಳಿಗಾಗಿ ಪೂಜೆ ಇಟ್ಟಿದ್ದಾರೆ ಎಂದಳು. ಪ್ರತಿ ವರ್ಷ ಅಂಗಳದಲ್ಲಿ ನಡೆಯುತ್ತಿದ್ದದ್ದನ್ನು ಈ ಸಲ ಗವಿಯ ಒಳಗೇ ಇಟ್ಟಿದ್ದಾರೆ, ಗಾಳಿ ಹೊಡೆಯುವುದಿಲ್ಲವಲ್ಲ. ಹತ್ತು ಗಂಟೆಗೆ ಪಕ್ಕದ ಆಶ್ರಮದಿಂದ ಗಾಲಿಕುರ್ಚಿಯವರನ್ನು ಕರೆತರುತ್ತಾರೆ, ಹದಿನಾರು ಜನ. ಇಷ್ಟನ್ನೂ ಅವಳು ಒಂದೇ ಉಸಿರಿಗೆ ಹೇಳಿದಳು. ಅಪ್ಪನ ಕಿವಿ ಅಲ್ಲಿರಲಿಲ್ಲ. ಅವನು ಸೂರಿನ ಅಂಚಿನ ಕೆಳಗೆ ನಿಂತು ಕತ್ತೆತ್ತಿ ಏನನ್ನೋ ಹುಡುಕುತ್ತಿದ್ದ. ಕನ್ನಡಕ ತೆಗೆದು ಒರೆಸಿ ಮತ್ತೆ ಹುಡುಕಿದ.

"ಅಕ್ಕ, ಇಲ್ಲಿದ್ದ ಪಟ್ಟಿ ಎಲ್ಲಿ?" ಎಂದು ಕೇಳಿದ.

ಬತ್ತಿ ಅಜ್ಜಿ ಬೊಚ್ಚುಬಾಯಿ ಅಗಲಿಸಿ ನಕ್ಕಳು. ಅಯ್ಯೋ ಮೇಸ್ತ್ರಿ, ಅದು ಎಲ್ಲಿ ಉಳಿಯುತ್ತದೆ, ಬಂದವರೆಲ್ಲ ಕೆರೆದುಕೊಂಡು ಹೋಗುತ್ತಾರೆ ಎಂದಳು. ಅಪ್ಪ ವರ್ಷ ವರ್ಷ ಬಂದು ಹರಕೆಯ ಪಟ್ಟಿ ಎಳೆಯುವುದನ್ನು ಜನ ನೋಡಿದ್ದರು. ಮೊದಮೊದಲು ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತಿದ್ದರಂತೆ. ಆಮೇಲೆ ಯಾರೋ ಒಬ್ಬಳು ಚೂರು ಪುಡಿ ಮನೆಗೊಯ್ದು ಗಂಡನ ತಲೆದಿಂಬಿನ ಕೆಳಗಿಟ್ಟಳು, ಗಂಡ ಎದ್ದು ಕೂತ. ಅಲ್ಲಿಗೆ ಮುಗಿಯಿತು. ಈ ಸಲದ ಬೇಸಿಗೆಯೊಳಗೆ ಪಟ್ಟಿ ಪೂರ್ತಿ ಖಾಲಿ. ತನ್ನ ಮಂಡಿನೋವಿಗೂ ಅದೇ ಆಗಿಬಂತು ಎಂದು ಅಜ್ಜಿ ಸೀರೆಯ ಸೆರಗಿನ ಗಂಟು ಬಿಚ್ಚಿ ಉಗುರಿನಷ್ಟು ಬಿಳಿ ಪುಡಿ ತೋರಿಸಿದಳು. ನನಗೆ ನಗು ಬಂತು. ಅಪ್ಪನ ಮುಖ ನೋಡಿದೆ, ನಗು ಅಲ್ಲೇ ಸತ್ತಿತು.

ಅವನು ನನ್ನ ರಟ್ಟೆ ಹಿಡಿದು ಗವಿಯ ಬಲಮೂಲೆಗೆ ಎಳೆದುಕೊಂಡು ಹೋದ. ನನ್ನ ಚೀಲದಲ್ಲಿ ದಾರ ಕತ್ತರಿಸುವ ಸಣ್ಣ ಕತ್ತರಿ ಯಾವಾಗಲೂ ಇರುತ್ತದೆ ಎಂದು ಅವನಿಗೆ ಗೊತ್ತು. ಅದನ್ನು ಕೇಳಿ ಇಸಿದುಕೊಂಡ. ಸೂರಿಗೂ ಗೋಡೆಗೂ ನಡುವೆ, ಒರಟು ಕಲ್ಲುಗಳ ಸಂದಿಯಲ್ಲಿ ಅಡಗಿದಂತೆ, ಪಟ್ಟಿ ಇದ್ದ ಅಂಚಿನವರೆಗೂ ಹರಿದ ತೆಳ್ಳನೆಯ ಬಿರುಕೊಂದಿತ್ತು. ನನ್ನ ಕಣ್ಣಿಗೆ ಅದು ಹೊಲಿಗೆ ಬಿಡಲು ಶುರುವಾದ ಅಂಗಿಯ ಕಂಕುಳಿನ ಹಾಗೆ ಕಂಡಿತು. ಅಪ್ಪ ಕತ್ತರಿಯ ಒಂದು ಅಲಗನ್ನು ಅದರೊಳಗೆ ತೂರಿಸಿದ. ಅಲಗು ತಿರುಪಿನವರೆಗೂ ಒಳಗೆ ಹೋಯಿತು. ಹೊರಗೆಳೆದಾಗ ತುದಿಯಲ್ಲಿ ಕೆಂಪು ತುಕ್ಕು.

"ಹೋದ ವರ್ಷ ಬ್ಲೇಡು ಕೂಡ ಹೋಗ್ತಿರಲಿಲ್ಲ," ಎಂದ.

ಆಮೇಲೆ ಅವನು ಹೇಳಿದ್ದನ್ನು ನಾನು ಆ ಗೋಡೆಗೆ ಒರಗಿಕೊಂಡೇ ಕೇಳಿದೆ. ಅಂದಿನ ಹಳೆಯ ಫಾದರಿಗೆ ಅಪ್ಪ, ಮೂವತ್ತೆರಡರ ಬಿಸಿರಕ್ತದಲ್ಲಿ, ಇಂಥ ದಿನ ಮುಗಿಸಿಕೊಡುತ್ತೇನೆ ಎಂದು ಮಾತು ಕೊಟ್ಟಿದ್ದ. ಗೋಡೆ ಎದ್ದಿತು. ಸೂರು ಹಾಕುವ ಹೊತ್ತಿಗೆ ಚಳಿ ಹೇಗೆ ಬಿತ್ತೆಂದರೆ ಕಲಸಿದ ನೀರು ಬಕೆಟ್ಟಿನಲ್ಲೇ ಗಡ್ಡೆಯಾಗುತ್ತಿತ್ತು. ಕೆಲಸ ನಿಲ್ಲಿಸಬೇಕಿತ್ತು. ಕೊಟ್ಟ ಮಾತು ಹೋಗುತ್ತದೆಂದು ನಿಲ್ಲಿಸಲಿಲ್ಲ. ನೀರಿಗೆ ಉಪ್ಪು ಹಾಕಿದರೆ ಹೆಪ್ಪುಗಟ್ಟುವುದಿಲ್ಲ ಎಂದು ಯಾರೋ ಹಳೆಯ ಗಾರೆಯವನು ಹೇಳಿದ್ದು ನೆನಪಿತ್ತು. ಒಂದು ಚೀಲ ಉಪ್ಪು ಸುರಿದ. ಸೂರು ಕಲ್ಲಿನಂತೆ ಗಟ್ಟಿಯಾಯಿತು, ಎಲ್ಲರೂ ಭೇಷ್ ಎಂದರು. ನಾಲ್ಕು ವರ್ಷ ಕಳೆದ ಮೇಲೆ ಬೇರೆ ಯಾವುದೋ ಕಟ್ಟಡದಲ್ಲಿ ಒಬ್ಬ ಎಂಜಿನಿಯರು ಮಾತಿನ ನಡುವೆ, ಕಾಂಕ್ರೀಟಿಗೆ ಉಪ್ಪು ಬಿದ್ದರೆ ಒಳಗಿನ ಕಬ್ಬಿಣವನ್ನು ಗೆದ್ದಲಿನ ಹಾಗೆ ತಿಂದು ಮುಗಿಸುತ್ತದೆ ಎಂದ. ಅಪ್ಪ ಮಧ್ಯಾಹ್ನದ ಊಟ ಅಲ್ಲೇ ಬಿಟ್ಟು ಇಲ್ಲಿಗೆ ಓಡಿ ಬಂದಿದ್ದ. ಬಿರುಕು ಆಗಲೇ ಇತ್ತು.

ಬಿರುಕಿನ ಮೇಲೆ ಅಡ್ಡಲಾಗಿ ಪ್ಲಾಸ್ಟರಿನ ಪಟ್ಟಿ ಎಳೆಯುವುದು ಗಾರೆಯವರ ಹಳೆಯ ಉಪಾಯ. ಬಿರುಕು ಸುಮ್ಮನಿದ್ದರೆ ಪಟ್ಟಿ ಹಾಗೇ ಇರುತ್ತದೆ, ಕೂದಲಷ್ಟು ಅಲುಗಿದರೂ ಪಟ್ಟಿ ಸೀಳುತ್ತದೆ. ಅಪ್ಪ ಅದನ್ನು ಸಾಕ್ಷಿ ಎನ್ನುತ್ತಿದ್ದ. ಬಿರುಕಿಗಿಳಿದ ನೀರು ಹೆಪ್ಪುಗಟ್ಟಿ ಸಂದಿಯನ್ನು ಅಗಲಿಸುವುದು ಚಳಿಯಲ್ಲೇ, ಅದಕ್ಕೇ ಚಳಿಗಾಲದ ಭೇಟಿ. ಮೂವತ್ತು ವರ್ಷ ಸಾಕ್ಷಿ ಸೀಳಿರಲಿಲ್ಲ. ಪ್ರತಿ ವರ್ಷ ಅದನ್ನು ನೋಡಿ ಇನ್ನೊಂದು ವರ್ಷಕ್ಕೆ ಉಸಿರು ತುಂಬಿಕೊಂಡು ಮನೆಗೆ ಬರುತ್ತಿದ್ದ. ಈ ವರ್ಷ ಸಾಕ್ಷಿಯನ್ನು ಭಕ್ತರು ಕೆರೆದು ತಲೆದಿಂಬಿನ ಕೆಳಗಿಟ್ಟುಕೊಂಡಿದ್ದರು.

ನನಗೆ ಬಂದ ಸಿಟ್ಟು ಎಂಥದೆಂದರೆ ಚಳಿ ಮರೆತುಹೋಯಿತು. ಅಮ್ಮನನ್ನು ಇದರ ಕೆಳಗೆ ಕೂರಿಸಿದ್ದೆಯಲ್ಲ ಎಂದೆ. ಬೇಡ ಎನ್ನಲು ಏನು ಕಾರಣ ಹೇಳಲಿ ಎಂದ. ಆ ಉಪ್ಪಿನ ಚೀಲವನ್ನು ಬಸ್ಸಿಳಿದಲ್ಲಿಂದ ತಲೆಯ ಮೇಲೆ ಹೊತ್ತು ತಂದವಳು ಅವಳೇ. ಮದುವೆಯಾದ ಹೊಸತು, ದಾರಿಯ ಮೇಲಿನ ಮಂಜುಗಡ್ಡೆ ಕರಗಿಸಲು ಎಂದುಕೊಂಡಿದ್ದಳು. ಅವಳಿಗೆ ಗೊತ್ತಾದರೆ ಆ ಚೀಲವನ್ನು ಸಾಯುವವರೆಗೆ ಹೊರುತ್ತಾಳೆ ಎಂದು ಅಪ್ಪ ಹೇಳಲಿಲ್ಲ. ಅದಕ್ಕೇ ಅವಳು ಮೊಣಕಾಲೂರಿದಾಗಲೆಲ್ಲ ಹಿಂದೆ ನಿಂತು ಸೂರಿಗೆ ಕೈ ಕೊಡುತ್ತಿದ್ದ. ಗವಿಯಷ್ಟು ದೊಡ್ಡ ಸೂರನ್ನು ಒಬ್ಬ ಮನುಷ್ಯ ಒಂದು ಅಂಗೈಯಲ್ಲಿ ಹಿಡಿದು ನಿಲ್ಲಿಸುತ್ತಾನೆಯೇ? ಅವನಿಗೂ ಗೊತ್ತಿತ್ತು, ಆಗುವುದಿಲ್ಲ ಎಂದು.

ಗಂಟೆ ಒಂಬತ್ತೂಕಾಲು. ಈಗಲೇ ಹೋಗಿ ಫಾದರಿಗೆ ಹೇಳು ಎಂದೆ. ಅಪ್ಪ ಹೋದ, ನಾನೂ ಬೆನ್ನಿಗೆ ಹೋದೆ. ಫಾದರ್ ಇನ್ನೂ ಮೂವತ್ತು ದಾಟದವರು, ಲವಲವಿಕೆಯವರು. ಪೂಜೆಯ ಬಟ್ಟಲುಗಳನ್ನು ತಾವೇ ಬುಟ್ಟಿಗೆ ತುಂಬಿಕೊಳ್ಳುತ್ತಿದ್ದರು. ಅಪ್ಪ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವಂತೆ ಮಾತಾಡಿದ. ಚಳಿ ಜಾಸ್ತಿ ಇದೆ, ಪೂಜೆ ಚರ್ಚಿನೊಳಗೇ ಇಟ್ಟುಕೊಂಡರೆ ಹೇಗೆ ಎಂದ. ಒಂಬತ್ತು ಮೆಟ್ಟಿಲು ಗಾಲಿಕುರ್ಚಿ ಹತ್ತುವುದಿಲ್ಲವಲ್ಲ ಎಂದರು ಫಾದರ್. ಗವಿ ಹಳೆಯದಾಯಿತು ಎಂದ ಅಪ್ಪ. ಫಾದರ್ ನಕ್ಕು, ಅಲ್ಲಿದ್ದ ಹಾಡುವವರ ಗುಂಪಿನ ಕಡೆ ತಿರುಗಿ, ನೋಡಿ, ಇವರೇ ಗವಿ ಮೇಸ್ತ್ರಿ, ತನ್ನ ಕೆಲಸವನ್ನು ತಾನೇ ಕಡಿಮೆ ಮಾಡಿ ಹೇಳುವ ಮನುಷ್ಯ, ಇಂಥ ವಿನಯ ಎಲ್ಲಿ ಸಿಗುತ್ತದೆ ಎಂದುಬಿಟ್ಟರು. ಎಲ್ಲರೂ ಅಪ್ಪನನ್ನು ನೋಡಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಲ್ಲ, ಇಲ್ಲಿ ಹೊಗಳಿದ್ದಕ್ಕೇ ಅಪ್ಪನ ಕೈ ಹೆಗಲಿಗೆ ಹೋಯಿತು. ಬಾಗಿಲ ಕಡೆ ತಿರುಗಿದ.

ಹೊರಗೆ ಬಂದ ಮೇಲೆ ನಾನೇ ಹೇಳುತ್ತೇನೆ ಎಂದೆ. ಬೇಡ ಎಂದು ನನ್ನ ಮುಂಗೈ ಹಿಡಿದುಕೊಂಡ. ಮೂವತ್ತನಾಲ್ಕು ವರ್ಷ ನಿಂತಿದೆ, ಇನ್ನೊಂದು ಗಂಟೆ ನಿಲ್ಲುತ್ತದೆ, ಪೂಜೆ ಮುಗಿದ ಮೇಲೆ ಒಬ್ಬರೇ ಸಿಕ್ಕಾಗ ಹೇಳುತ್ತೇನೆ ಎಂದ. ಆ ಮಾತನ್ನು ಅವನು ನನಗೆ ಹೇಳುತ್ತಿರಲಿಲ್ಲ, ತನಗೇ ಹೇಳಿಕೊಳ್ಳುತ್ತಿದ್ದ. ನನ್ನ ಅಪ್ಪನನ್ನು ನಾನು ಹೇಡಿಯಾಗಿ ನೋಡಿದ್ದು ಅದೊಂದೇ ಸಲ. ಬರೆಯುವಾಗಲೂ ನಾಚಿಕೆಯಾಗುತ್ತದೆ, ಅವನಿಗಾಗಿ ಅಷ್ಟೇ ಅಲ್ಲ; ನನ್ನ ಬಾಯಿಯನ್ನೇನು ಅವನು ಹಿಡಿದುಕೊಂಡಿರಲಿಲ್ಲ, ನಾನೂ ಸುಮ್ಮನಿದ್ದೆ. ಗವಿ ಮೇಸ್ತ್ರಿಯ ಮಗಳು ಎನ್ನಿಸಿಕೊಳ್ಳುವುದು ನನಗೂ ರುಚಿಸಿತ್ತು.

ಹತ್ತಕ್ಕೆ ಹತ್ತು ನಿಮಿಷವಿದ್ದಾಗ ಆಶ್ರಮದ ವ್ಯಾನು ಬಂತು. ಕುರ್ಚಿಗಳು ಒಂದೊಂದಾಗಿ ಇಳಿದವು. ಬೆಚ್ಚಗಿರಲೆಂದು ಅವರನ್ನು ಸೂರಿನ ಅಡಿಗೇ, ಒತ್ತೊತ್ತಾಗಿ, ಗಾಲಿಗೆ ಗಾಲಿ ತಾಗುವಂತೆ ನಿಲ್ಲಿಸಿದರು. ಮೊಣಕಾಲಿನವರೆಗೆ ಕಂಬಳಿ, ತಲೆಗೆ ಉಣ್ಣೆಯ ಟೋಪಿ. ಓಡುವುದಿರಲಿ, ಪಕ್ಕಕ್ಕೆ ವಾಲಲೂ ಆಗದ ಜನ. ಬತ್ತಿ ಅಜ್ಜಿ ಮುಂದಿನ ಸಾಲಿನಲ್ಲಿ ಮೊಣಕಾಲೂರಿದಳು. ಮೋಡ ಸರಿದು ಬಿಸಿಲು ಸೂರಿನ ಮೇಲೆ ಬಿತ್ತು. ಜನ ಒಳ್ಳೆಯದಾಯಿತು ಎಂದರು. ಅಪ್ಪನ ಮುಖ ಬಿಳಿಚಿತು. ಹೆಪ್ಪುಗಟ್ಟಿದ ನೀರೇ ಇಷ್ಟು ಹೊತ್ತು ಬಿರುಕನ್ನು ಕಚ್ಚಿ ಹಿಡಿದಿತ್ತು, ಬಿಸಿಲಿಗೆ ಅದು ಬಿಡುತ್ತದೆ ಎಂದು ನನ್ನ ಕಿವಿಯಲ್ಲಿ ಹೇಳಿ, ಜನರ ನಡುವೆ ನುಗ್ಗಿ, ತನ್ನ ಹಳೆಯ ಜಾಗದಲ್ಲಿ ನಿಂತು ಅಂಗೈ ಮೇಲೆತ್ತಿ ಒತ್ತಿದ. ಅವನನ್ನು ನೋಡಿ ಪಕ್ಕದಲ್ಲಿದ್ದ ಇಬ್ಬರು ತಾವೂ ಭಕ್ತಿಯಿಂದ ಕೈಯೆತ್ತಿ ಕಲ್ಲು ಮುಟ್ಟಿದರು.

ಫಾದರ್ ಶಿಲುಬೆಯ ಗುರುತು ಮಾಡಿ ಪೂಜೆ ಆರಂಭಿಸಿದರು. ಹಾಡು ಶುರುವಾಯಿತು. ಮೊದಲ ಚರಣ ಮುಗಿಯುವ ಮುನ್ನ ಮೇಲಿನಿಂದ ಒಂದು ಹನಿ ಬಿತ್ತು, ಕೆಂಪಗೆ. ಎರಡನೆಯ ಸಾಲಿನ ತಾತನೊಬ್ಬನ ಬೂದು ಕಂಬಳಿಯ ಮೇಲೆ. ಅದರ ಹಿಂದೆಯೇ ಅಕ್ಕಿಕಾಳಿನಷ್ಟು ಗಾರೆಯ ಚೂರು. ತಾತ ಅದನ್ನು ಬೆರಳಲ್ಲಿ ಎತ್ತಿಕೊಂಡು, ಪ್ರಸಾದವೆಂದುಕೊಂಡನೋ ಏನೋ, ಹಣೆಗೆ ಒತ್ತಿಕೊಂಡ. ಅಪ್ಪ ಅದನ್ನು ನೋಡಿದ.

"ಫಾದರ್, ನಿಲ್ಲಿಸಿ," ಎಂದ. ದೊಡ್ಡ ದನಿಯೇನಲ್ಲ, ಆದರೆ ಹಾಡು ಮುರಿಯಿತು. "ಈ ಸೂರಿಗೆ ನಾನು ಉಪ್ಪು ಹಾಕಿದೀನಿ. ಒಳಗಿನ ಕಬ್ಬಿಣ ತಿಂದುಹೋಗಿದೆ. ಆ ಪಟ್ಟಿ ಹರಕೆ ಅಲ್ಲ, ಬೀಳತ್ತಾ ಅಂತ ನೋಡೋಕೆ ಹಾಕ್ತಿದ್ದೆ. ಎಲ್ಲರನ್ನೂ ಆಚೆ ಕರ್ಕೊಂಡು ಹೋಗಿ. ಓಡಬೇಡಿ, ಗೋಡೆ ತಾಗಿಸಬೇಡಿ."

ಫಾದರ್ ಅಪ್ಪನ ಮುಖವನ್ನೂ ಸೂರನ್ನೂ ಒಂದು ಸಲ ನೋಡಿ, ಬಟ್ಟಲು ಕೆಳಗಿಟ್ಟು, ಮೊದಲ ಕುರ್ಚಿಯ ಹಿಡಿಕೆಗೆ ತಾವೇ ಕೈ ಹಾಕಿದರು. ಆಮೇಲೆ ಎಲ್ಲರೂ ಕೈ ಹಾಕಿದರು. ಗಾಲಿಗಳು ಒಂದಕ್ಕೊಂದು ಸಿಕ್ಕಿಕೊಂಡಿದ್ದವು. ಬಿಡಿಸಿ, ಹಿಂದಕ್ಕೆಳೆದು, ಒಂದೊಂದನ್ನೇ ಹೊರಗೆ ತರಬೇಕಿತ್ತು. ನಾನು ಹದಿನಾರನ್ನೂ ಎಣಿಸಿದೆ. ಅಷ್ಟು ಹೊತ್ತೂ ಅಪ್ಪ ಕೈ ಇಳಿಸಲಿಲ್ಲ. ಕೆಂಪು ನೀರು ಮುಂಗೈಯಿಂದ ಅಂಗಿಯ ತೋಳಿನೊಳಗೆ ಇಳಿಯುತ್ತಿತ್ತು. ಎಲ್ಲರೂ ಹೊರಬಿದ್ದ ಮೇಲೂ ಬತ್ತಿ ಅಜ್ಜಿ ಮಾತ್ರ ಎದ್ದು ಅಪ್ಪನ ಎದುರಿಗೆ ನಿಂತಿದ್ದಳು.

"ನಾನು ದಿನಕ್ಕೆ ಎರಡು ಸಲ ಇಲ್ಲಿ ಮೊಣಕಾಲೂರ್ತೀನಿ, ಮೇಸ್ತ್ರಿ. ನಿನಗೆ ಗೊತ್ತಿತ್ತು."

"ಗೊತ್ತಿತ್ತು ಅಕ್ಕ."

ಅವಳು ಸೆರಗಿನ ಗಂಟು ಬಿಚ್ಚಿ ಆ ಬಿಳಿ ಪುಡಿಯನ್ನು ಅವನ ಕಾಲ ಹತ್ತಿರ ಕೊಡವಿ, ನನ್ನ ಕೈ ಹಿಡಿದುಕೊಂಡು ಹೊರಗೆ ಬಂದಳು. ಅಪ್ಪ ಕೊನೆಯವನಾಗಿ ಬಂದ. ಪೂಜೆ ಚರ್ಚಿನೊಳಗೇ ನಡೆಯಿತು. ಒಂಬತ್ತು ಮೆಟ್ಟಿಲನ್ನು ಹದಿನಾರು ಕುರ್ಚಿಗಳೂ ಹತ್ತಿದವು, ಒಂದೊಂದಕ್ಕೆ ನಾಲ್ಕು ಜನ ಹೊತ್ತು. ಅಪ್ಪ ಸೊಂಟ ಹಿಡಿದುಕೊಂಡು ಮುಂದೆ ಬಂದಾಗ ಒಬ್ಬರು, ನೀವು ಬಿಡಿ, ಎಂದರು. ಬಯ್ಗುಳವಲ್ಲ. ಆದರೂ ಅವನು ಕೆಳಗೇ ಉಳಿದ.

ನಾಲ್ಕು ದಿನದ ನಂತರ ಮರದ ಆಸರೆ ಕೊಟ್ಟು ಸೂರು ಬಿಚ್ಚಿದರು. ಮೂರ್ತಿಯನ್ನು ಮೊದಲೇ ಹೊರಗೆ ಸಾಗಿಸಿದ್ದರು. ಮೊದಲ ಪೆಟ್ಟು ತಾನೇ ಹಾಕುತ್ತೇನೆ ಎಂದು ಅಪ್ಪ ಕೇಳಿಕೊಂಡ, ಫಾದರ್ ಒಪ್ಪಿದರು. ಎರಡನೆಯ ಪೆಟ್ಟಿಗೆ ಮುಂದಿನ ಅಂಚು ಪೂರ್ತಿ ಕಳಚಿ ಬಿತ್ತು, ಕಂಬಳಿಯ ತಾತ ಕೂತಿದ್ದ ಜಾಗಕ್ಕೇ. ಹೆಬ್ಬೆರಳು ಗಾತ್ರದ ಸರಳುಗಳು ಪೆನ್ಸಿಲಿನ ಸೀಸದಷ್ಟು ಉಳಿದಿದ್ದವು. ಅಪ್ಪ ಒಂದು ತುಂಡನ್ನು ಹಿಡಿದು ನೋಡಿದ, ಅದು ಬೆರಳಲ್ಲೇ ಪುಡಿಯಾಯಿತು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತಾರೆ, ನಾನು ಕುಡಿಯದೆ ಮೂವತ್ತು ವರ್ಷ ತಳ್ಳಿದೆ ಎಂದ.

ಊರು ಅಪ್ಪನ ಹೆಸರು ಬದಲಿಸಲು ತಡ ಮಾಡಲಿಲ್ಲ. ಈಗ ಅವನು ಉಪ್ಪು ಮೇಸ್ತ್ರಿ. ನನ್ನ ಅಂಗಡಿಗೆ ಬರುವ ಹೆಂಗಸೊಬ್ಬಳು ನನ್ನೆದುರಿಗೇ ಹಾಗೆಂದು ನಾಲಿಗೆ ಕಚ್ಚಿಕೊಂಡಳು. ಮನೆಗೆ ಬಂದು ಹೇಳಿದೆ. ಸರಿಯಾಗೇ ಕರೀತಾರೆ ಬಿಡು ಎಂದ ಅಪ್ಪ. ಈಚೆಗೆ ಅವನಿಗೆ ಹಗಲು ಹೊತ್ತಿನಲ್ಲೂ ನಿದ್ದೆ ಬರುತ್ತದೆ, ಮಗುವಿನ ಹಾಗೆ.

ಮರುವರ್ಷ ಚಳಿ ಬಿದ್ದಾಗ ನೋಡಲು ಏನೂ ಉಳಿದಿರಲಿಲ್ಲ, ಆದರೂ ಹೋಗೋಣ ಎಂದ. ಗವಿಗೆ ಈಗ ಸೂರಿಲ್ಲ. ಮೂರು ಗೋಡೆ, ಮಾತೆಯ ಮೂರ್ತಿ, ಮೇಲೆ ಬರೀ ಆಕಾಶ. ಬತ್ತಿ ಅಜ್ಜಿ ನನ್ನನ್ನು ಮಾತಾಡಿಸಿದಳು, ಅವನನ್ನು ಮಾತಾಡಿಸಲಿಲ್ಲ. ಆದರೂ ಒಂದು ಬತ್ತಿ ಹಚ್ಚಿ ಅವನ ಕೈಗೆ ಕೊಟ್ಟಳು. ಅಪ್ಪ ತನ್ನ ಹಳೆಯ ಜಾಗಕ್ಕೆ ಹೋಗಿ ನಿಂತ. ಅಭ್ಯಾಸದ ಮೇಲೆ ಬಲಗೈ ಮೇಲೆದ್ದಿತು. ಅಲ್ಲಿ ಒತ್ತಲು ಏನೂ ಇರಲಿಲ್ಲ. ಆ ಕೈಯನ್ನು ಏನು ಮಾಡಬೇಕೆಂದು ತಿಳಿಯದವನಂತೆ ಸ್ವಲ್ಪ ಹೊತ್ತು ನಿಂತು, ಬತ್ತಿಯನ್ನು ನೆಲದ ಮೇಲೆ ನಿಲ್ಲಿಸಿ, ಮೆಲ್ಲಗೆ ಮೊಣಕಾಲೂರಿದ. ನನ್ನ ಅಪ್ಪ ಮೊಣಕಾಲೂರಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಬಹಳ ಹೊತ್ತು ಏಳಲಿಲ್ಲ. ಏಳಬೇಕೆಂದಾಗ ಸೊಂಟ ಕೇಳಲಿಲ್ಲ, ಎಬ್ಬಿಸಲು ಇಬ್ಬರು ಬೇಕಾಯಿತು. ಒಂದು ಕಡೆ ನಾನು ಹಿಡಿದೆ. ಇನ್ನೊಂದು ಕಡೆ ಬತ್ತಿ ಅಜ್ಜಿ ಅವನ ರಟ್ಟೆಗೆ ಕೈ ಕೊಟ್ಟಳು.